ಒಂದು ಕೊಕ್ಕೆಯ ಹೆಸರುಗಳು

ಕಂತು ಒಂಬತ್ತು

“ನನ್ನ ಹೆಸರಲ್ಲೇ ಪರೀಕ್ಷೆ ಮಾಡಿದೀನಿ, ಕೊಗೊ. ಒಂದ್ಸಲ ಅಲ್ಲ, ಇನ್ನೂರು ಸಲ. ಕಿಸಿಮಾ ಯಾರ ಹೆಸರನ್ನೂ ನುಂಗಲ್ಲ.”

ಇಷ್ಟು ಹೇಳಿ ಗಿಥಾಯ್ ಙಙಾ ತನ್ನ ಬೆನ್ನಚೀಲವನ್ನು ರಕ್ತನಿಧಿಯ ಡಾಕ್ಟರ ಮೇಜಿನ ಮೇಲೆ ಇಟ್ಟ. ನೈರೋಬಿಯಿಂದ ಕೆರಿಚೊಗೆ ಬರುವಷ್ಟರಲ್ಲಿ ಅವನ ಬಿಳಿ ಅಂಗಿಗೆ ಕೆಂಪು ಧೂಳು ಹಿಡಿದಿತ್ತು, ಗತ್ತಿಗೆ ಮಾತ್ರ ಹಿಡಿದಿರಲಿಲ್ಲ.

ಕಿಸಿಮಾ, ಅಂದರೆ ಬಾವಿ, ಅವನು ಹೆತ್ತ ಕೂಸು; ಒಂದು ಕಂಪ್ಯೂಟರ್ ಪ್ರೋಗ್ರಾಂ. ಕಪ್ಪು ಪರದೆ, ಬಿಳಿ ಅಕ್ಷರ. ಚಿತ್ರವಿಲ್ಲ, ಮೌಸ್ ಇಲ್ಲ. ಒಂದು ಸಾಲು ಆಜ್ಞೆ ಟೈಪ್ ಮಾಡಿದರೆ ಅದು ರಕ್ತನಿಧಿಯ ಡೇಟಾಬೇಸಿನೊಳಗೆ ಹೆಸರು ಸೇರಿಸುತ್ತದೆ, ಹುಡುಕುತ್ತದೆ, ಅಳಿಸುತ್ತದೆ. ಕೆಲಸ ಮುಗಿದರೆ ‘ತಯಾರಿ’ ಎಂದು ಒಂದೇ ಪದ ಬರೆದು ಸುಮ್ಮನಾಗುತ್ತದೆ. ಸ್ವಾಹಿಲಿಯ ತಯಾರಿಯೂ ನಮ್ಮ ತಯಾರೂ ಒಂದೇ.

“ಮೂರು ವಾರದ ಹಿಂದೆ ಒಳಗಡೆ ಏನೋ ಬದಲಾಯಿಸಿದ್ರಂತಲ್ಲ,” ಎಂದರು ಕೊಗೊ.

“ಒಳಗಡೆ ಮಾತ್ರ. ಹಳೇ ಪೈಪು ಕಿತ್ತು ಹೊಸ ಪೈಪು ಹಾಕಿದೀವಿ ಅಂತಿಟ್ಕೊಳ್ಳಿ. ನಲ್ಲಿ ಅದೇ, ನೀರು ಅದೇ. ಮುಂಚೆಗಿಂತ ನಾಲ್ಕು ಪಟ್ಟು ಬೇಗ ಬರುತ್ತೆ.”

“ಬೇಗ ಬರೋದು ಸರಿ ಮಗಾ. ಪೂರ್ತಿ ಬರುತ್ತಾ?”

ಅವನು ಅಂಗಿಯ ಧೂಳು ಕೊಡವಿಕೊಳ್ಳತೊಡಗಿದ.

ಮೂರು ಶುಕ್ರವಾರಗಳಲ್ಲಿ ತುಲ್ವೆತ್ ರಕ್ತನಿಧಿಯ ಪಟ್ಟಿಯಿಂದ ಇನ್ನೂರ ಹದಿನಾಲ್ಕು ದಾನಿಗಳ ಹೆಸರು ಮಾಯವಾಗಿದ್ದವು, ಆ ಮೂರೂ ದಿನ ಕಿಸಿಮಾದ ಮುಂದೆ ಕೂತಿದ್ದವಳು ಗುಮಾಸ್ತೆ ವಿನ್ನಿ ಚೆಪ್ಕೆಮೊಯ್ ಒಬ್ಬಳೇ.

“ನನಗೂ ಆ ಹುಡುಗಿ ಮೇಲೆ ಹಗೆ ಇಲ್ಲ,” ಎಂದರು ನಿರ್ದೇಶಕ ಡಾಕ್ಟರ್ ಸಿಗೇಯ್. ಅವರ ಮುಂದೆ ಪೊಲೀಸರಿಗೆ ಬರೆದ ಪತ್ರವಿತ್ತು; ಸಹಿ ಒಂದು ಬಾಕಿ. “ಆದರೆ ನೋಡಿ. ಮೂರು ವಾರದಲ್ಲಿ ಬಂದ ರಕ್ತದ ಚೀಲ ಸಾವಿರದ ನೂರ ಮೂವತ್ತು. ಪಟ್ಟಿಯಲ್ಲಿರೋ ಹೆಸರು ಒಂಬೈನೂರ ಹದಿನಾರು. ಹೆಸರಿಲ್ಲದ ಚೀಲ ಯಾರಿಗೂ ಏರಿಸೋ ಹಾಗಿಲ್ಲ. ಹೋಗಿರೋ ಹೆಸರಾದರೂ ಒಂದೊಂದಾಗಿ ಹೋಗಿಲ್ಲ. ಒಂದು ಕಡೆ ಎಂಟು ಜನ, ಇನ್ನೊಂದು ಕಡೆ ಮೂವತ್ತು ಜನ, ಗುಂಪು ಗುಂಪಾಗಿ. ಯಂತ್ರ ಹಾಗೆ ಆರಿಸಿ ತಿನ್ನುತ್ತಾ? ಇದು ಮನುಷ್ಯರ ಕೈ.”

“ನೀವು ಇನ್ನೂ ಸಹಿ ಹಾಕಿಲ್ಲ,” ಎಂದರು ಕೊಗೊ.

“ಎರಡು ಗಂಟೆಗೆ ಮಂಡಳಿಯವರು ಬರ್ತಾರೆ. ಅಷ್ಟರೊಳಗೆ ಬೇರೆ ಕಾರಣ ತೋರಿಸಿ, ಹರಿದು ಹಾಕ್ತೀನಿ. ಇಲ್ಲಾಂದ್ರೆ ವಿನ್ನಿ ಪೊಲೀಸರ ಪಾಲು.”

ಡಾಕ್ಟರ ಹಿಂದಿನ ಗೋಡೆಯ ಮೇಲೆ ಅವರ ಒಬ್ಬನೇ ಮಗ ವೆಸ್ಲಿಯ ಫೋಟೊ ಇತ್ತು. ರಕ್ತ ಕೊಡುವ ಮಂಚದ ಮೇಲೆ ಮಲಗಿ, ಹೆಬ್ಬೆರಳು ಎತ್ತಿ ನಗುತ್ತಿದ್ದಾನೆ. ಕಳೆದ ಡಿಸೆಂಬರಿನಲ್ಲಿ ವಿಕ್ಟೋರಿಯಾ ಸರೋವರದಲ್ಲಿ ಅವನಿದ್ದ ದೋಣಿ ಮಗುಚಿತು. ಹೆಣ ಸಿಗಲಿಲ್ಲ. ಹೆಣವಿಲ್ಲದೆಯೇ ಪ್ರಾರ್ಥನೆ ನಡೆಯಿತು, ನಾವೆಲ್ಲ ಹೋಗಿ ಊಟ ಮಾಡಿ ಬಂದೆವು. ಆಮೇಲಿನ ಹತ್ತು ತಿಂಗಳಲ್ಲಿ ಡಾಕ್ಟರ್ ನಕ್ಕಿದ್ದನ್ನು ಕಂಡವರು ಕೆರಿಚೊದಲ್ಲಿ ಯಾರೂ ಇಲ್ಲ.

ಗೋಡೆಯ ಗಡಿಯಾರದಲ್ಲಿ ಹನ್ನೊಂದು ಮುಕ್ಕಾಲು.

“ಹೆಸರು ಕಳೆದುಹೋದ ದಾನಿಗಳ ಕಾರ್ಡು ತಗೊಳ್ಳಿ ಮ್ವಾಲಿಮು,” ಎಂದು ಕೊಗೊ ಎದ್ದರು. “ಹೊರಗೆ ಬಿಸಿಲಲ್ಲಿ ಕೂತ್ಕೊಳ್ಳೋಣ. ಇಲ್ಲಿ ಚಳಿ.”

ಹೊಸ ಓದುಗರಿಗಾಗಿ ಹೇಳಿಬಿಡುತ್ತೇನೆ. ಕೊಗೊ ಎಂದರೆ ಇಲ್ಲಿನವರ ಮಾತಿನಲ್ಲಿ ಅಜ್ಜಿ. ಅವರ ನಿಜ ಹೆಸರು ಟಪ್ಕಿಗೆನ್ ಸೊಯ್; ಮೊಮ್ಮಕ್ಕಳಿರಲಿ, ಅವರಿಗೆ ಮದುವೆಯೂ ಆಗಿಲ್ಲ. ಮೂವತ್ತೊಂದು ವರ್ಷ ಪೊಲೀಸ್ ಇಲಾಖೆಯ ಕಡತದ ಕೋಣೆಯನ್ನು ಆಳಿ ನಿವೃತ್ತರಾದ ಮೇಲೆ ಊರವರ ಕಗ್ಗಂಟು ಬಿಡಿಸುತ್ತಾ ಊರಿಗೆಲ್ಲ ಕೊಗೊ ಆಗಿದ್ದಾರೆ. ನಾನು ಹರಿಹರದ ಹಾಲಪ್ಪ, ಇಲ್ಲಿನ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಲೆಕ್ಕ ಕಲಿಸಿದವನು. ಹಾಲಪ್ಪ ಎಂದರೆ ಇವರು ‘ಹಲಪಾ’ ಎನ್ನುತ್ತಾರೆ. ಅದಕ್ಕಿಂತ ಮ್ವಾಲಿಮು, ಅಂದರೆ ಮೇಷ್ಟ್ರು, ಎಷ್ಟೋ ವಾಸಿ. ಕೊಗೊ ಅವರ ಕಾರು ಓಡಿಸುವುದು, ಟಿಪ್ಪಣಿ ಬರೆದುಕೊಳ್ಳುವುದು ನನ್ನ ಕೆಲಸ. ಬೈಸಿಕೊಳ್ಳುವುದು ಅದರ ಜೊತೆಗೆ ಬಂದದ್ದು.

ಜಗಲಿಯ ಬೆಂಚಿನ ಮೇಲೆ ವಿನ್ನಿ ಕೂತಿದ್ದಳು. ಮೂವತ್ತರ ಆಸುಪಾಸಿನ ಹೆಂಗಸು. ಬೆಳಿಗ್ಗೆ ಅವಳ ಕೋಣೆಯ ಬಾಗಿಲ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಕಳ್ಳಿ ಎಂದು ಬರೆದಿದ್ದರು. ಅವಳೇ ತಲೆಯ ವಸ್ತ್ರ ಬಿಚ್ಚಿ ಒರೆಸಿದ್ದಳು. ಆ ವಸ್ತ್ರ ಈಗ ಮಡಿಲಲ್ಲಿತ್ತು, ಅದರ ಮೇಲೆ ಕೈಚೀಲ. ಒಂಬತ್ತು ವರ್ಷದಲ್ಲಿ ಒಂದು ದಿನವೂ ತಡವಾಗಿ ಬಂದವಳಲ್ಲ ಅವಳು.

“ಊಟ ಮಾಡಿದ್ಯಾ?” ಎಂದರು ಕೊಗೊ.

“ಸೇರಲ್ಲ ಕೊಗೊ.”

“ಮುರ್ಸಿಕ್ ಕುಡಿ. ಅದಕ್ಕೆ ಹಸಿವು ಬೇಕಾಗಿಲ್ಲ.” ಕೊಗೊ ತಮ್ಮ ಸೋರೆಬುರುಡೆಯಿಂದ ಲೋಟಕ್ಕೆ ಹುಳಿ ಹಾಲು ಬಗ್ಗಿಸಿ ಕೊಟ್ಟರು. ಬುರುಡೆಯ ಒಳಗೆ ಸವರಿದ್ದ ಇದ್ದಿಲ ಕಪ್ಪು ಕಣಗಳು ಮೇಲೆ ತೇಲಿದವು. “ನೀನು ಟೈಪ್ ಮಾಡೋದು ಹೇಗೆ, ಹೇಳು.”

“ಶಿಬಿರದಲ್ಲಿ ದಾನಿಗಳು ಯಾವ ಕ್ರಮದಲ್ಲಿ ಮಂಚದ ಮೇಲೆ ಮಲಗ್ತಾರೋ ಅದೇ ಕ್ರಮದಲ್ಲಿ ಕಾರ್ಡು ಬರುತ್ತೆ. ನಾನು ಅದೇ ಕ್ರಮದಲ್ಲಿ ಒಂದು ಸಾಲಿಗೆ ಒಬ್ಬರಂತೆ ಟೈಪ್ ಮಾಡಿ ಇಡ್ತೀನಿ. ಶುಕ್ರವಾರ ಪೂರ್ತಿ ಕಡತನ ಕಿಸಿಮಾಗೆ ಕೊಡ್ತೀನಿ. ಅದು ತಯಾರಿ ಅನ್ನುತ್ತೆ. ಮನೆಗೆ ಹೋಗ್ತೀನಿ.”

“ತಯಾರಿ ಅಂದ ಮೇಲೆ ಯಾರೂ ಎಣಿಸಿ ನೋಡಲ್ವಾ?”

“ಒಂಬತ್ತು ವರ್ಷದಲ್ಲಿ ಅದು ಒಂದ್ಸಲಾನೂ ಸುಳ್ಳು ಹೇಳಿರಲಿಲ್ಲ.” ಒಂದು ಗುಟುಕು ಕುಡಿದು ಅವಳು ನಿಧಾನವಾಗಿ ಕೇಳಿದಳು: “ಕೊಗೊ, ಕಾರಣ ಸಿಕ್ಕಿದ್ರೆ ಹೆಸರೆಲ್ಲಾ ವಾಪಸ್ ಬರುತ್ತಾ? ಒಂದೂ ಬಿಡದೆ?”

“ಬರಲೇಬೇಕು.”

ವಿನ್ನಿ ಕೈಚೀಲವನ್ನು ಹತ್ತಿರ ಎಳೆದುಕೊಂಡಳು. ಪಾಪ, ಎಷ್ಟು ಆಸೆ ಎಂದುಕೊಂಡೆ ನಾನು.

ಕಾರ್ಡುಗಳನ್ನು ಮಡಿಲಲ್ಲಿಟ್ಟುಕೊಂಡು ಹೆಸರು ಬರೆದುಕೊಳ್ಳತೊಡಗಿದೆ. ಅವಸರ ಇದ್ದಾಗ ನಾನು ಬರೆಯುವುದು ಕನ್ನಡದಲ್ಲೇ. ಒಂದು ಗುಂಪು ಮುಗಿದಲ್ಲಿ ಅಡ್ಡಗೆರೆ, ಮತ್ತೆ ಇನ್ನೊಂದು ಗುಂಪು. ಕೊನೆಯಲ್ಲಿ ಎಣಿಸಿದರೆ ಇನ್ನೂರ ಹದಿಮೂರು ಬಂತು.

“ಹದಿನಾಲ್ಕಲ್ವಾ?” ಎಂದರು ಕೊಗೊ.

“ಒಂದು ತಪ್ಪಿರಬೇಕು.”

“ಲೆಕ್ಕದ ಮೇಷ್ಟ್ರಂತೆ.” ಅವರು ಕನ್ನಡಕ ಏರಿಸಿ ನನ್ನ ಪುಸ್ತಕ ಎಳೆದುಕೊಂಡರು. ಅವರಿಗೆ ಕನ್ನಡದ ಒಂದಕ್ಷರವೂ ಬರುವುದಿಲ್ಲ. ಆದರೂ ಹಾಳೆ ತಿರುಗಿಸಿದರು, ಹಿಂದಕ್ಕೆ ಬಂದರು, ಮತ್ತೆ ತಿರುಗಿಸಿದರು. ಆಮೇಲೆ ಅವರ ಉಗುರು ಒಂದು ಕಡೆ ನಿಂತಿತು.

“ಇದೇನು ಮ್ವಾಲಿಮು, ಈ ಸುರುಳಿ?”

“ಯಾವುದು?”

“ಇದು. ಪ್ರತಿ ಗುಂಪಿನ ಮೊದಲನೇ ಸಾಲಲ್ಲೂ ಇದೆ, ಕೊನೇ ಸಾಲಲ್ಲೂ ಇದೆ. ನಡುವೆ ಎಲ್ಲೂ ಇಲ್ಲ. ಗುಂಪಿನ ಎರಡು ಕಡೆಗೂ ಕಾವಲು ನಿಲ್ಲಿಸಿದ್ದಾರೆ ಯಾರೋ.”

ನಾನು ಬಗ್ಗಿ ನೋಡಿದೆ. ಮೊದಲ ಗುಂಪು: ಙೆನೊ, ಬೆಟ್, ರೊನೊ, ಕೊಯೆಚ್, ಮುತಾಯ್, ಚೆಪ್ಕ್ವೊನಿ, ಕಿರುಯಿ, ಲಙಾತ್. ಎರಡನೆಯದು ಙೆಟಿಚ್ ಎಂದು ಶುರುವಾಗಿ ಹದಿಮೂರು ಸಾಲು ದಾಟಿ ಚೆಲಙಾತ್ ಎಂದು ಮುಗಿಯುತ್ತಿತ್ತು. ಮೂರನೆಯದು ಲಙಾತ್‌ನಿಂದ ಙೆನೊವರೆಗೆ. ನನ್ನ ಕೈಯೇ ಬರೆದದ್ದು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಓದಲು ಬಾರದವರಿಗೆ ಬಿತ್ತು.

“ಇದು ಙ,” ಎಂದೆ. “ನಮ್ಮ ಅಕ್ಷರಮಾಲೆಯಲ್ಲಿ ಕ ಸಾಲಿನ ಐದನೇದು. ಚಿಕ್ಕವರಿದ್ದಾಗ ಬರೆಯೋಕೆ ಬರದೆ ಏಟು ತಿಂತೀವಿ. ಕಲಿತ ಮೇಲೆ ಜೀವಮಾನದಲ್ಲಿ ಅದಕ್ಕೆ ಕೆಲಸ ಇರಲ್ಲ. ಕೆರಿಚೊಗೆ ಬಂದ ಮೇಲೇ ನನಗೆ ಅದು ಉಪಯೋಗಕ್ಕೆ ಬಂದದ್ದು. ನಿಮ್ಮ ಜನರ ಹೆಸರಲ್ಲಿ ಆ ಮೂಗಿನ ಸದ್ದು ಬಂದಾಗಲೆಲ್ಲ ಇದನ್ನ ಹಾಕ್ತೀನಿ.”

“ಇಂಗ್ಲಿಷಿನಲ್ಲಿ ಅದಕ್ಕೆ ಏನು ಹಾಕ್ತಾರೆ?”

ನಾನು ಕಾರ್ಡು ತೆಗೆದೆ. ಇಂಗ್ಲಿಷಿನಲ್ಲಿ ಆ ಸದ್ದಿಗೆ ಅಕ್ಷರವೇ ಇಲ್ಲ. ಎನ್ ಮತ್ತು ಜಿ ಬರೆದು, ಪಕ್ಕದಲ್ಲಿ ಮೇಲ್ಗಡೆ ಅಪಾಸ್ಟ್ರಫಿ ಎನ್ನುವ ಒಂದು ಪುಟ್ಟ ಕೊಕ್ಕೆ ನೇತುಹಾಕುತ್ತಾರೆ. ಹೇಳದಿದ್ದರೆ ನೊಣದ ಹಿಕ್ಕೆ ಎಂದುಕೊಳ್ಳಬೇಕು, ಅಷ್ಟು ಚಿಕ್ಕದು.

ಕೊಗೊ ಆ ಕೊಕ್ಕೆಯನ್ನು ಬಹಳ ಹೊತ್ತು ನೋಡಿದರು. ಎದ್ದು ನಿಂತಾಗ ಅವರ ಮುಖದಲ್ಲಿ ಹತ್ತು ವರ್ಷ ಇಳಿದಿತ್ತು.

“ಬನ್ನಿ. ಆ ಎರಡು ಕೊಕ್ಕೆಯವನನ್ನ ಮಾತಾಡಿಸೋಣ.”

ಕಂಪ್ಯೂಟರ್ ಕೋಣೆಯಲ್ಲಿ ಙಙಾ ಎಣ್ಣೆಯಲ್ಲಿ ಕರಿದ ಸಿಹಿ ಬನ್ನು, ಮಂದಾಜಿ, ತಿನ್ನುತ್ತಿದ್ದ. ನಮ್ಮನ್ನು ನೋಡಿ ಬೆರಳಿನ ಎಣ್ಣೆ ಒರೆಸಿಕೊಂಡ.

“ಯಂತ್ರ ಬಿಟ್ಟು ಮನುಷ್ಯರನ್ನ ವಿಚಾರಿಸಿದ್ರೆ ಬೇಗ ಮುಗಿಯುತ್ತೆ ಕೊಗೊ. ಅಳಿಸಿದವರು ಯಾರೂ ಅಳಿಸಿದೆ ಅಂತ ಹೇಳಲ್ಲ.”

“ಯಂತ್ರ ಮಾಡಿದವರೂ ಹೇಳಲ್ಲ,” ಎಂದು ಕೊಗೊ ಅವನ ಪಕ್ಕದಲ್ಲೇ ಕುರ್ಚಿ ಎಳೆದು ಕೂತರು. “ಒಂದು ಖಾಲಿ ಪಟ್ಟಿ ಮಾಡು. ಮೊದಲನೇ ಸಾಲಲ್ಲಿ ನಿನ್ನ ಹೆಸರು ಹಾಕು. ಎರಡನೇದು ಮ್ವಾಲಿಮು. ಮೂರನೇದು ನಾನು.”

ಅವನು ಟೈಪ್ ಮಾಡಿದ. ಕಿಸಿಮಾ ‘ತಯಾರಿ’ ಎಂದಿತು. ಯಾರ್ಯಾರಿದ್ದಾರೆ ಎಂದು ಕೇಳಿದ. ಮೂರು ಹೆಸರೂ ಒಂದರ ಕೆಳಗೊಂದು ಬಂದವು.

“ನೋಡಿದ್ರಾ? ನಿಮಗೆ ಆ ಕೊಕ್ಕೆ ಮೇಲೆ ಅನುಮಾನ ಅಲ್ವಾ? ನಮಗೇನು ಅಷ್ಟೂ ಗೊತ್ತಾಗಲ್ವಾ? ನನ್ನ ಹೆಸರಲ್ಲೇ ಇದೆ ಅದು. ಅದಕ್ಕೇ ಎಲ್ಲಾ ಪರೀಕ್ಷೇಲೂ ನನ್ನ ಹೆಸರೇ ಇಟ್ಟಿರೋದು.”

“ನಿನ್ನ ಹೆಸರಲ್ಲಿ ಎಷ್ಟಿದೆ?”

“ಏನು?”

“ಕೊಕ್ಕೆ ಎಷ್ಟಿದೆ, ಎಣಿಸು.”

“ಎರಡು.”

“ನೀವು ಕಿಕುಯುಗಳು ಯಾವಾಗಲೂ ಒಂದು ಹೆಚ್ಚೇ ತಗೋತೀರಿ. ನಮ್ಮ ಕಿಪ್ಸಿಗಿಸ್ ಜನಕ್ಕೆ ದೇವರು ಒಂದೇ ಕೊಟ್ಟಿರೋದು.” ಕೊಗೊ ನಗುತ್ತಲೇ ಹೇಳಿದರು. “ಈಗ ಇನ್ನೊಂದು ಖಾಲಿ ಪಟ್ಟಿ. ಮೊದಲು ಙೆನೊ. ಅದರ ಕೆಳಗೆ ಮ್ವಾಲಿಮು. ಅದರ ಕೆಳಗೆ ನಾನು. ಕೊನೇಲಿ ಲಙಾತ್.”

ಅವನು ಹುಬ್ಬು ಗಂಟಿಕ್ಕಿ ಟೈಪ್ ಮಾಡಿದ.

ತಯಾರಿ, ಎಂದಿತು ಕಿಸಿಮಾ.

“ಈಗ ಕೇಳು, ಯಾರಿದ್ದಾರೆ ಅಂತ.”

ಕೇಳಿದ. ಪರದೆಯ ಮೇಲೆ ಒಂದು ಸೊನ್ನೆ ಬಂತು. ಹಿಂದೆ ಮುಂದೆ ಏನೂ ಇಲ್ಲ.

ಙಙಾ ಮತ್ತೆ ಕೇಳಿದ, ಮತ್ತೆ ಸೊನ್ನೆ. ಪೂರ್ತಿ ಹೊಸದಾಗಿ ಟೈಪ್ ಮಾಡಿದ. ಆಗಲೂ ಸೊನ್ನೆ. ಅರ್ಧ ತಿಂದ ಮಂದಾಜಿಯನ್ನು ಕಾಗದದ ಮೇಲಿಟ್ಟು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

“ಅಯ್ಯೋ ದೇವರೇ. ಅದು ಸಾಲು ಮುಗಿದಿದ್ದನ್ನೇ ನೋಡ್ತಿಲ್ಲ.”

“ನಮಗೆ ಅರ್ಥ ಆಗೋ ಹಾಗೆ ಹೇಳಪ್ಪ,” ಎಂದೆ ನಾನು.

“ಕಥೆ ಪುಸ್ತಕದಲ್ಲಿ ಯಾರಾದ್ರೂ ಮಾತಾಡಿದ್ರೆ ಶುರುವಲ್ಲಿ ಒಂದು ಕೊಕ್ಕೆ, ಕೊನೇಲಿ ಒಂದು ಕೊಕ್ಕೆ ಹಾಕ್ತಾರಲ್ಲ ಮ್ವಾಲಿಮು? ಕಿಸಿಮಾಗೂ ಅದೇ ಕೊಕ್ಕೆ. ಙೆನೊ ಹೆಸರಲ್ಲಿ ಒಂದು ಸಿಕ್ತು. ಯಾರೋ ಮಾತು ಶುರು ಮಾಡಿದ್ರು ಅಂದ್ಕೊಳ್ತು. ಇನ್ನೊಂದು ಸಿಗೋ ತನಕ ಮಾತು ಮುಗಿದಿಲ್ಲ ಅಂತ ಸಾಲು ಮೇಲೆ ಸಾಲು ಒಂದೇ ಗುಟುಕಿಗೆ ತಗೊಂಡು ಹೋಯ್ತು. ಲಙಾತ್ ಹತ್ರ ಮುಚ್ಚೋ ಕೊಕ್ಕೆ ಸಿಕ್ತು. ಅಷ್ಟೂ ಜನ ಸೇರಿ ಒಂದೇ ಉದ್ದ ಸಾಲು. ಅಷ್ಟುದ್ದ ಹೆಸರು ಯಾರಿಗೂ ಇರಲ್ಲ, ಸರಿ, ಮೂಲೆಗೆ ಎಸೀತು.”

“ನಿನ್ನ ಹೆಸರಲ್ಲಿ ತೆರೆಯೋದೂ ಇದೆ, ಮುಚ್ಚೋದೂ ಇದೆ.”

“ಒಂದೇ ಸಾಲಲ್ಲಿ ಎರಡೂ ಇದೆ. ಅದಕ್ಕೇ ಏನೂ ಆಗಲಿಲ್ಲ.” ಅವನು ಮುಖ ಎತ್ತಲಿಲ್ಲ. “ಹಳೇದು ಮೊದಲು ಸಾಲು ಕತ್ತರಿಸ್ತಿತ್ತು, ಆಮೇಲೆ ಕೊಕ್ಕೆ ನೋಡ್ತಿತ್ತು. ಬೇಗ ಆಗಲಿ ಅಂತ ಹೊಸದರಲ್ಲಿ ಎರಡನ್ನೂ ಒಟ್ಟಿಗೆ ಮಾಡಿದ್ವಿ.”

“ಮಾಡಿದ್ವಿ ಅಂದ್ರೆ ಯಾರು?”

“ನಾನು,” ಎಂದ ಙಙಾ. “ನಾನೇ, ಕೊಗೊ.”

ಇದನ್ನು ಹೇಳುವುದು ಅವನಿಗೆ ಸುಲಭವಾಗಿರಲಿಲ್ಲ. ನೈರೋಬಿಯಲ್ಲಿ ಕೂತು ಎಲ್ಲ ತಪ್ಪನ್ನೂ ಹಳ್ಳಿ ಕಡೆಯ ಗುಮಾಸ್ತೆಯರ ಮೇಲೆ ಹಾಕುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಈ ಹುಡುಗ ಅವರ ಪೈಕಿ ಅಲ್ಲ ಎಂದು ಸಂತೋಷವಾಯಿತು. ಕೊಗೊ ಅವರಿಗೂ ಆಗಿರಬೇಕು; ಅವನ ಬೆನ್ನ ಮೇಲೆ ಒಂದು ಗುದ್ದು ಕೊಟ್ಟರು.

“ಹನ್ನೆರಡೂ ಇಪ್ಪತ್ತು. ರಿಪೇರಿ ಮಾಡು.”

ಅವನು ಕೂತ. ಆಮೇಲೆ ಒಂದು ಗಂಟೆ ಆ ಕೋಣೆಯಲ್ಲಿ ಕೀಬೋರ್ಡಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಬದಲಾಯಿಸಬೇಕಾದ ಜಾಗ ಹುಡುಕಲು ನಲವತ್ತು ನಿಮಿಷ ಹಿಡಿಯಿತು, ಬದಲಾಯಿಸಿದ್ದು ನಾಲ್ಕೇ ಸಾಲು. ಮೊದಲು ಸಾಲು ಕತ್ತರಿಸು, ಆಮೇಲೆ ಕೊಕ್ಕೆ ನೋಡು. ಇನ್ನೊಂದು ಮಾತನ್ನೂ ಸೇರಿಸಿದ: ಯಾವುದನ್ನಾದರೂ ಮೂಲೆಗೆ ಎಸೆದರೆ ತಯಾರಿ ಎನ್ನಬೇಡ, ಎಷ್ಟು ಎಸೆದೆ ಎಂದು ಹೇಳು.

“ಈಗ ಪರೀಕ್ಷೆ. ಒಂದು ಕೊಕ್ಕೆಯ ಹೆಸರು ಬೇಕು, ನನಗೆ ಗೊತ್ತಿರೋದು ನಾಲ್ಕೇ.”

“ಗೊತ್ತಿರೋರು ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ,” ಎಂದರು ಕೊಗೊ.

ವಿನ್ನಿ ಹೊಸ್ತಿಲ ಹತ್ತಿರವೇ ನಿಂತಳು. ಬೆಳಿಗ್ಗೆಯಿಂದ ಅವಳಿಗೆ ಆ ಕೋಣೆಯೊಳಗೆ ಕಾಲಿಡಬಾರದೆಂದು ಅಪ್ಪಣೆಯಾಗಿತ್ತು.

“ಒಳಗೆ ಬನ್ನಿ ಅಕ್ಕ,” ಎಂದ ಙಙಾ. ಎದ್ದು ತನ್ನ ಕುರ್ಚಿಯನ್ನು ಅವಳಿಗೆ ಕೊಟ್ಟ. “ನಿಮ್ಮ ತಪ್ಪಲ್ಲ, ನಂದು. ಎಲ್ಲರ ಮುಂದೆ ಹೇಳ್ತೀನಿ. ಮೊದಲು ನಿಮ್ಮ ಕಡೆ ಹೆಸರು ಹೇಳಿ, ಕೊಕ್ಕೆ ಇರೋವು.”

ವಿನ್ನಿ ಕಣ್ಣು ಮುಚ್ಚಿಕೊಂಡಳು. ಉಸಿರು ಬಿಡದೆ ಹೇಳುತ್ತಾ ಹೋದಳು: ಙೆನೊ, ಙೆಟಿಚ್, ಲಙಾತ್, ಚೆಲಙಾತ್, ಕಿಪ್ಲಙಾತ್, ಚೆಪ್ಙೆನೊ, ಕಿಪ್ಙೆಟಿಚ್. ಊರು, ತಂದೆಯ ಹೆಸರು, ರಕ್ತದ ಗುಂಪು ಕೂಡ ಸೇರಿಸಿಯೇ ಹೇಳುತ್ತಿದ್ದಳು. ಇಪ್ಪತ್ತಕ್ಕೆ ಅವನು ಕೈ ಎತ್ತಿ ಸಾಕು ಎಂದ.

“ನಿಮ್ಮ ತಲೇಲಿರೋದು ನಮ್ಮ ಯಂತ್ರಕ್ಕಿಂತ ವಾಸಿ.”

“ಆ ತಲೆ ಕಳ್ಳೀದು ಅಂತಿದ್ರಲ್ಲ ಬೆಳಿಗ್ಗೆ.”

ಅವನು ನಾಚಿ ಕೀಬೋರ್ಡಿನ ಕಡೆ ಬಗ್ಗಿದ. ಕೊಗೊ ಬೇರೆ ಕಡೆ ನೋಡಿ ನಕ್ಕರು.

ಇಪ್ಪತ್ತು ಹೆಸರೂ ಒಳಗೆ ಹೋದವು, ಇಪ್ಪತ್ತೂ ಹೊರಗೆ ಬಂದವು. ಮೂಲೆಗೆ ಎಸೆದದ್ದನ್ನೆಲ್ಲ ಕಿಸಿಮಾ ಒಂದು ಕಡತದಲ್ಲಿ ಹಾಗೇ ಗುಡ್ಡೆ ಹಾಕಿಟ್ಟಿತ್ತು. ನುಂಗಿದ್ದನ್ನು ಅರಗಿಸಿಕೊಂಡಿರಲಿಲ್ಲ, ಪುಣ್ಯ. ಙಙಾ ಆ ಗುಡ್ಡೆಯನ್ನು ಮತ್ತೆ ಬಾಯಿಗೆ ಕೊಟ್ಟ.

ಪರದೆಯ ಮೇಲೆ ಹೆಸರುಗಳು ಹರಿಯತೊಡಗಿದವು. ಬೆಟ್, ರೊನೊ, ಕೊಯೆಚ್. ಪ್ರಯೋಗಾಲಯದ ಹುಡುಗಿಯರು ಬಾಗಿಲಲ್ಲಿ ಗುಂಪಾದರು. ಒಬ್ಬಳು ತನ್ನ ಅಣ್ಣನ ಹೆಸರು ಕಂಡು ಚಪ್ಪಾಳೆ ತಟ್ಟಿದಳು. ಅವರ ಹಿಂದೆ ಡಾಕ್ಟರ್ ಸಿಗೇಯ್ ಬಂದು ನಿಂತಿದ್ದು ನನಗೆ ಗೊತ್ತಾದದ್ದು ಕಾಗದ ಹರಿದ ಸದ್ದಾದಾಗಲೇ.

ಒಂದೂ ಮೂವತ್ತೈದು. ಪತ್ರ ನಾಲ್ಕು ತುಂಡಾಗಿತ್ತು.

“ವಿನ್ನಿ,” ಎಂದರು ಡಾಕ್ಟರ್. ತುಂಡುಗಳನ್ನು ಜೇಬಿಗೆ ತುರುಕಿದರು. “ಒಂಬತ್ತು ವರ್ಷ ನಿನ್ನನ್ನ ನೋಡಿದೀನಿ. ಆದರೂ ನಂಬಲಿಲ್ಲ. ಕ್ಷಮಿಸಮ್ಮ. ಮಂಡಳಿಯವರ ಮುಂದೆಯೂ ಇದೇ ಮಾತು ಹೇಳ್ತೀನಿ.”

ವಿನ್ನಿ ತಲೆಯ ವಸ್ತ್ರದಿಂದಲೇ ಕಣ್ಣು ಒರೆಸಿಕೊಂಡಳು. ಸೀಮೆಸುಣ್ಣ ಕೆನ್ನೆಗೆ ಹತ್ತಿತು. ಆಗ 
ಡಾಕ್ಟರ್ ನಕ್ಕರು. ನಾನು ಕಣ್ಣಾರೆ ನೋಡಿದೆ. “ಎಲ್ಲರಿಗೂ ಚಹಾ. ನಾನೇ ತರ್ತೀನಿ,” ಎಂದು ಅಡುಗೆಮನೆಯ ಕಡೆ ಹೊರಟರು. ಹುಡುಗಿಯರು ಹಿಂದೆ ಓಡಿದರು. ವಿನ್ನಿ ಮುಖ ತೊಳೆಯಲು ಹೋದಳು.

ಪರದೆಯ ಮೇಲೆ ಹೆಸರುಗಳು ಹರಿಯುವುದು ನಿಂತಿತು. ಈ ಸಲ ಕಿಸಿಮಾ ಎಣಿಕೆಯನ್ನೂ ಹೇಳಿತು.

ಇನ್ನೂರ ಹದಿಮೂರು. ತಯಾರಿ.

ನಾನೂ ಕೊಗೊ ಅವರೂ ಮುಖ ಮುಖ ನೋಡಿಕೊಂಡೆವು. ಜಗಲಿಯಲ್ಲಿ ನನ್ನ ಲೆಕ್ಕ ತಪ್ಪಿರಲಿಲ್ಲ. ಚೀಲಗಳು ಸಾವಿರದ ನೂರ ಮೂವತ್ತು, ಹೆಸರುಗಳು ಸಾವಿರದ ನೂರ ಇಪ್ಪತ್ತೊಂಬತ್ತು.

“ಗಿಥಾಯ್,” ಎಂದರು ಕೊಗೊ, ಏನೂ ಆಗದವರಂತೆ, “ನಿನ್ನ ಈ ಯಂತ್ರಕ್ಕೆ ಹಳೇದು ನೆನಪಿರುತ್ತಾ?”

“ಎಲ್ಲಾ ನೆನಪಿರುತ್ತೆ. ಮೇಲ್ಮುಖದ ಬಾಣ ಇರೋ ಕೀ ಒತ್ತಿ. ಹಿಂದೆ ಕೊಟ್ಟ ಆಜ್ಞೆಗಳು ಒಂದೊಂದಾಗಿ ಬರ್ತವೆ, ತಾರೀಕು ಸಮೇತ.” ಅವನು ಹಿಗ್ಗಿನಿಂದ ಹೇಳಿ, ಚಹಾದ ವಾಸನೆ ಹಿಡಿದು ಹೊರಗೆ ಹೋದ.

ಕೊಗೊ ಆ ಕೀ ಒತ್ತಿದರು. ಸೇರಿಸು. ಸೇರಿಸು. ಹುಡುಕು. ಸೇರಿಸು. ಹಿಂದಿನ ವಾರ, ಅದರ ಹಿಂದಿನ ವಾರ. ಮೊದಲನೇ ಶುಕ್ರವಾರ ಸಂಜೆ ಐದಕ್ಕೆ ಹತ್ತು ನಿಮಿಷ ಇರುವಾಗಿನ ಒಂದು ಸಾಲಿನ ಹತ್ತಿರ ಅವರ ಬೆರಳು ನಿಂತಿತು.

ಅಳಿಸು 1187.

ಆ ಆಜ್ಞೆ ಕೊಟ್ಟಿದ್ದು ವಿನ್ನಿಯ ಹೆಸರಿನಿಂದ. ಇದಕ್ಕೆ ಯಾವ ಕೊಕ್ಕೆಯೂ ಕಾರಣವಲ್ಲ. ಡಾಕ್ಟರ್ ಹೇಳಿದ್ದ ಮನುಷ್ಯರ ಕೈ ಇಲ್ಲಿತ್ತು.

ನಾವು ಜಗಲಿಗೆ ಬಂದಾಗ ವಿನ್ನಿ ಅದೇ ಬೆಂಚಿನ ಮೇಲಿದ್ದಳು, ಮುಖ ಹಸಿಯಾಗಿತ್ತು. ಕೊಗೊ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡರು.

“ದಾನಿ ಸಂಖ್ಯೆ ಸಾವಿರದ ನೂರ ಎಂಬತ್ತೇಳು. ಯಾರು ಮಗಳೇ?”

ವಿನ್ನಿ ಬೆಚ್ಚಲಿಲ್ಲ. ಈ ಪ್ರಶ್ನೆಗಾಗಿ ಬೆಳಿಗ್ಗೆಯಿಂದ ಕಾಯುತ್ತಿದ್ದಳೆಂದು ನನಗೆ ಆಗ ಹೊಳೆಯಿತು. ಒಂದೂ ಬಿಡದೆ ಬರುತ್ತಾ ಎಂದು ಅವಳು ಕೇಳಿದ್ದು ಆಸೆಯಿಂದಲ್ಲ, ಭಯದಿಂದ.

“ಅದೊಂದು ನಾನೇ ಅಳಿಸಿದ್ದು, ಕೊಗೊ. ನನ್ನ ಕಡತದಿಂದಾನೂ ತೆಗೆದೆ, ಕಿಸಿಮಾದಿಂದಾನೂ ತೆಗೆದೆ. ಮಿಕ್ಕಿದ್ದು ಯಾವುದೂ ನಾನಲ್ಲ.”

“ಯಾಕೆ?”

“ಅವತ್ತು ರೇಡಿಯೊದಲ್ಲಿ ಓ ನೆಗೆಟಿವ್ ಬೇಕು ಅಂತ ಕೂಗಿದ್ರು. ಸೊಟಿಕ್ ಶಿಬಿರಕ್ಕೆ ಬಂದು ಕೊಟ್ಟು ಹೋಗಿದ್ದಾನೆ. ನರ್ಸು ಹೊಸಬಳು, ಗುರುತಿಸಲಿಲ್ಲ. ಗುರುತಿನ ಚೀಟಿ ನೋಡಿ ಇದ್ದಿದ್ದು ಇದ್ದ ಹಾಗೇ ಬರೆದುಬಿಟ್ಟಿದ್ದಾಳೆ. ಸಂಜೆ ನನಗೆ ಫೋನ್ ಮಾಡಿದ. ಅಳಿಸು ವಿನ್ನಿ, ನನ್ನ ಹೆಸರು ಆ ಪಟ್ಟೀಲಿ ಕಂಡರೆ ನಾನು ಉಳಿಯಲ್ಲ ಅಂದ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟೆ.”

ಅವಳು ಕೈಚೀಲ ತೆರೆದು ನಾಲ್ಕಾಗಿ ಮಡಿಸಿದ ಕಾರ್ಡನ್ನು ಕೊಗೊ ಅವರ ಕೈಗೆ ಕೊಟ್ಟಳು. ಕೊಗೊ ಬಿಡಿಸಿದರು. ನಾನು ಅವರ ಭುಜದ ಮೇಲಿಂದ ಬಗ್ಗಿ ಓದಿದೆ.

ಹೆಸರು: ವೆಸ್ಲಿ ಸಿಗೇಯ್. ತಾರೀಕು: ಮೂರು ವಾರದ ಹಿಂದಿನದು.

ಆ ಹುಡುಗನ ಪ್ರಾರ್ಥನೆಯಲ್ಲಿ ನಾನು ಎರಡನೇ ಸಾಲಿನಲ್ಲಿ ಕೂತು ಅತ್ತಿದ್ದೆ. ಬದುಕಿದ್ದಾನೆ. ಬದುಕಿದ್ದಾನೆ, ಬೇರೆಯವರನ್ನು ಬದುಕಿಸಲು ರಕ್ತವನ್ನೂ ಕೊಟ್ಟು ಹೋಗಿದ್ದಾನೆ. ಇನ್ನೊಂದು ಗಳಿಗೆ ಆಗಿದ್ದರೆ ಕೂಗಿಬಿಡುತ್ತಿದ್ದೆ. ಕೊಗೊ ನನ್ನ ಪಾದ ತುಳಿದರು.

ಬಾಗಿಲಲ್ಲಿ ಡಾಕ್ಟರ್ ಸಿಗೇಯ್ ನಿಂತಿದ್ದರು. ತಟ್ಟೆಯಲ್ಲಿ ನಾಲ್ಕು ಲೋಟ ಚಹಾ. ಮುಖದ ನಗು ಇನ್ನೂ ಆರಿರಲಿಲ್ಲ. ಕೊಗೊ ಅವರ ಮುಷ್ಟಿ ಕಾರ್ಡಿನ ಮೇಲೆ ಮುಚ್ಚಿಕೊಂಡಿತು.

“ತಗೋ ವಿನ್ನಿ, ಸಕ್ಕರೆ ಜಾಸ್ತಿ ಹಾಕಿದೀನಿ,” ಎಂದು ಮೊದಲ ಲೋಟವನ್ನು ಅವಳಿಗೇ ಕೊಟ್ಟರು. “ಒಂದು ಚೀಲ ಮಾತ್ರ ಹೆಸರಿಲ್ಲದೆ ಉಳಿದುಬಿಟ್ಟಿದೆಯಂತೆ, ಈಗ ತಾನೇ ಹುಡುಗೀರು ಹೇಳಿದ್ರು. ಮಂಡಳಿಯವರು ಅದನ್ನೇ ಹಿಡಿದು ಎಳೀತಾರೆ, ಕೇಳೋ ಮುಂಚೆ ನಮ್ಮ ಹತ್ರ ಉತ್ತರ ಇರಲಿ. ಓ ನೆಗೆಟಿವ್. ನಮ್ಮ ವೆಸ್ಲಿದೂ ಅದೇ ಗುಂಪು.”

ಹೊರಗೆ ಮಂಡಳಿಯವರ ಕಾರು ಗೇಟಿನೊಳಗೆ ಬಂತು. ಹೇಳಿದರೆ ವಿನ್ನಿ ಕೊಟ್ಟ ಮಾತು ಹೋಗುತ್ತದೆ, ಹೇಳದಿದ್ದರೆ ಹರಿದ ಪತ್ರ ಮತ್ತೆ ಟೈಪಾಗುತ್ತದೆ.

ಡಾಕ್ಟರ್ ಅವಳ ಎದುರಿಗೆ, ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತರು.

“ನಿನಗೆ ಎಲ್ಲರ ಹೆಸರೂ ಬಾಯಿಪಾಠ ಅಲ್ವಾ. ಯಾರದಮ್ಮ ಅದು?”